ಅರ್ಧ ಓದಿ ಹಾಕಿದ ಸಹಿ

ಇವತ್ತು ಬೆಳಿಗ್ಗೆ ಹಿರಿಯೂರಿನ ಬಸ್ ನಿಲ್ದಾಣದ ಎದುರು ಆಂಧ್ರದ ನಂಬರಿನ ಪೊಲೀಸ್ ಜೀಪೊಂದು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಬಿಸಿ ಡೀಸೆಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ ರಸ್ತೆಯ ಆಚೆ ಬದಿಗೆ ದಾಟಿಬಿಟ್ಟೆ. ನನ್ನನ್ನು ಹಿಡಿಯಲು ಬಂದವರಲ್ಲ, ಗೊತ್ತು. ಆದರೂ ಅದು ಕಾಲಿಗೆ ಗೊತ್ತಿರಬೇಕಲ್ಲ.

ಒಂದು ನೆಲದ ಆರೋಪಿಯನ್ನು ಇನ್ನೊಂದು ನೆಲದಿಂದ ಹಿಡಿದು ಒಯ್ಯುವುದೆಂದರೆ ವಿಮಾನ, ರಾಯಭಾರಿ, ಪತ್ರಿಕೆಯ ಮುಖಪುಟ ಎಂದೇ ನಾನು ಬಹುಕಾಲ ತಿಳಿದಿದ್ದೆ. ನಮ್ಮ ಗಡಿ ಅಷ್ಟು ದೊಡ್ಡದಲ್ಲ. ಆಚೆಗೂ ಇದೇ ಕಡಲೆಕಾಯಿ ಹೊಲ, ಇದೇ ಜಾಲಿ. ನಮ್ಮವರು ಆಚೆಯಿಂದ ಹೆಣ್ಣು ತರುತ್ತಾರೆ, ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಾರೆ. ಆಚೆಯ ಕೋರ್ಟಿನ ವಾರಂಟು ಈಚೆ ಬಂದಾಗ ಮಾತ್ರ ಗಡಿಗೆ ಗತ್ತು ಬರುತ್ತದೆ.

ಎರಡು ವರ್ಷದ ಹಿಂದಿನ ಮಾತು. ನಮ್ಮೂರು ಆದಿವಾಲದ ತಿಪ್ಪೇಸ್ವಾಮಿ ನನ್ನ ಹಳೆಯ ವಿದ್ಯಾರ್ಥಿ, ಲಾರಿ ಓಡಿಸುವವನು. ಆಂಧ್ರದ ವ್ಯಾಪಾರಿಯೊಬ್ಬರ ಕಡಲೆಕಾಯಿ ಸಾಗಿಸುವಾಗ ಕೆಲವು ಚೀಲ ಕಡಿಮೆ ಬಂತೆಂದು ಅವನ ಮೇಲೆ ಅಲ್ಲಿ ನಂಬಿಕೆ ದ್ರೋಹದ ಮೊಕದ್ದಮೆ ಇತ್ತು. ಒಂದು ವಾಯಿದೆಗೆ ಹೋಗಲಿಲ್ಲ, ವಾರಂಟು ಹೊರಟಿತು. ಆಮೇಲೆ ತಾನೇ ಹೋಗಿ ನ್ಯಾಯಾಧೀಶರ ಮುಂದೆ ನಿಂತು ಅದನ್ನು ರದ್ದು ಮಾಡಿಸಿಕೊಂಡೂ ಬಂದಿದ್ದ. ರದ್ದಾದ ಸುದ್ದಿ ಕೋರ್ಟಿನಿಂದ ಅಲ್ಲಿಯ ಠಾಣೆಗೆ ತಲುಪಿರಲಿಲ್ಲ, ಅಷ್ಟೆ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಏಳರ ಸುಮಾರಿಗೆ ಹಿರಿಯೂರಿನ ಪೇದೆಯೊಬ್ಬ ನನ್ನ ಮನೆಗೆ ಬಂದ. ‘ಮೇಷ್ಟ್ರೆ, ಒಂದ್ ಸಹಿ ಐತೆ, ಬರ್ರಿ.’ ಹೀಗೆ ಹಿಡಿಯುವಾಗ ಬಂಧನದ ಪತ್ರಕ್ಕೆ ಊರಿನ ಒಬ್ಬ ಗೌರವಸ್ಥನ ಸಹಿ ಬೇಕು. ನಮ್ಮೂರಲ್ಲಿ ಯಾವ ಪಂಚನಾಮೆಗಾದರೂ ನಾನೇ. ಮೇಷ್ಟ್ರು ಹಾಕಿದರೆ ಊರೇ ಹಾಕಿದ ಹಾಗೆ ಎನ್ನುತ್ತಾರೆ. ಹೇಳಿಕೊಳ್ಳಲು ನಾಚಿಕೆ, ಆ ಮಾತು ನನಗೆ ಹಿತವಾಗಿಯೇ ಇತ್ತು.

ತಿಪ್ಪೇಸ್ವಾಮಿ ಬನಿಯನ್ನಿನಲ್ಲೇ ತನ್ನ ಮನೆ ಮುಂದೆ ನಿಂತಿದ್ದ, ಎರಡೂ ಕಡೆ ಆಂಧ್ರದ ಇಬ್ಬರು ಪೊಲೀಸರು. ‘ವಾರಂಟ್ ಕ್ಯಾನ್ಸಲ್ ಆಗೈತೆ ಅಂತ ಆಗ್ಲಿಂದ ಬಡ್ಕಂತಿದೀನಿ ಮೇಷ್ಟ್ರೆ, ಇವರು ಕೇಳವಲ್ಲರು!’

‘ಕಾಗದ ಎಲ್ಲೈತೋ?’

‘ಲಾರೀಲಿ.’

‘ಲಾರಿ?’

‘ಹೊಸದುರ್ಗದೋರಿಗೆ ಮಾರಿದ್ನಲ್ಲ.’

ಅವನ ಹೆಂಡತಿ ರತ್ನಮ್ಮ ಹಣೆ ಚಚ್ಚಿಕೊಂಡಳು. ‘ಕೇಸು ಲಾರೀದು, ಕಾಗ್ದ ಲಾರೀಲೇ ಇರ್ಲಿ ಅಂದೋನು ಇವ್ನೇ.’ ಲಾರಿಯವರೆಲ್ಲ ಹೀಗೆಯೇ. ಪರ್ಮಿಟ್ಟು, ವಿಮೆ, ದೇವರ ವಿಭೂತಿ ಎಲ್ಲವೂ ಸೀಟಿನ ಮೇಲಿನ ಒಂದೇ ಡಬ್ಬಿಯಲ್ಲಿ. ಹೊಸದುರ್ಗಕ್ಕೆ ಫೋನು ಮಾಡಿದರೆ ಹೊಸ ಮಾಲೀಕ ಹೇಳಿದ: ‘ಆಯುಧಪೂಜೆಗೆ ತೊಳೆದಾಗ ಹಳೇವೆಲ್ಲ ಎಸೆದ್ವಿ ಕಣ್ರಿ.’

ಪೊಲೀಸರಲ್ಲಿ ಹಿರಿಯವನು ಪತ್ರ ಚಾಚಿದ. ‘ಚೂಸಿ ಸಂತಕಂ ಪೆಟ್ಟಂಡಿ, ಸಾರ್.’ ನೋಡಿ ಸಹಿ ಹಾಕಿ ಎಂದು. ಕೈಬರಹದ ತೆಲುಗು. ತೆಲುಗು ಮಾತಾಡುತ್ತೇನೆ, ಓದಲು ಕಲಿತವನಲ್ಲ. ಆದರೆ ಆ ಅಕ್ಷರಗಳು ನಮ್ಮ ಅಕ್ಷರಗಳ ದಾಯಾದಿಗಳಂತೆ ಕಾಣುತ್ತವೆ. ಅರ್ಧ ಗುರುತು ಸಿಕ್ಕರೆ ಪೂರ್ತಿ ಗೊತ್ತೆಂಬ ಭ್ರಮೆ. ಹೆಸರು, ಊರು, ತಾರೀಕು ತಿಳಿದವು. ಕೆಳಗಿನ ಎರಡು ಸಾಲು ತಿಳಿಯಲಿಲ್ಲ. ಸುತ್ತ ನಿಂತವರೆಲ್ಲ ನನ್ನ ಕೈಯಲ್ಲಿ ಕಾಗುಣಿತ ಕಲಿತವರು. ಅವರೆದುರು ಓದಲು ಬರದು ಎನ್ನುವುದು ಹೇಗೆ? ಕನ್ನಡಕ ಸರಿಪಡಿಸಿಕೊಂಡು ತುಟಿ ಅಲ್ಲಾಡಿಸಿದೆ. ಸಹಿ ಹಾಕಿದೆ.

ಆಚೆಗೆ ಒಯ್ಯುವ ಮೊದಲು ಅವನನ್ನು ಹಿರಿಯೂರಿನ ಕೋರ್ಟಿಗೆ ತಂದರು. ಅಲ್ಲಿ ಅವನ ಪರ ವಕೀಲರು ನನಗೆ ವಿಷಯ ಬಿಡಿಸಿ ಹೇಳಿದರು. ‘ಇಲ್ಲಿಯವರು ಕೇಸಿನ ಸರಿ ತಪ್ಪು ನೋಡಲ್ಲ ಮೇಷ್ಟ್ರೆ. ವಾರಂಟಿನಲ್ಲಿರೋ ಮನುಷ್ಯ ಇವನೇನಾ, ಅಷ್ಟೇ. ಹೌದಂದ್ರೆ ದಾರಿಗೆ ಬೇಕಾದಷ್ಟು ದಿನ ಆ ಪೊಲೀಸರ ವಶಕ್ಕೆ ಕೊಡ್ತಾರೆ.’

‘ಜಾಮೀನು?’

‘ಅದಕ್ಕೆ ದುರ್ಗದ ಜಿಲ್ಲಾ ಕೋರ್ಟಿಗೆ ಹೋಗ್ಬೇಕು.’

‘ಹೋಗಾಣ ನಡೀರಿ,’ ಎಂದಳು ರತ್ನಮ್ಮ.

‘ಕಾಗ್ದ ಇಲ್ದೆ ಏನಂತ ಕೇಳಾಣಮ್ಮ?’ ಎಂದರು ವಕೀಲರು.

ಪೊಲೀಸರು ಮೂರು ದಿನ ಕೇಳಿದ್ದರು. ಮೂರನೆಯ ದಿನದಿಂದ ಆಚೆಯ ಕೋರ್ಟಿಗೆ ಹಬ್ಬದ ರಜೆ. ಆಮೇಲೆ ತಲುಪಿದರೆ, ರದ್ದಾದ ವಾರಂಟಿಗೆ ರಜೆ ಮುಗಿಯುವವರೆಗೂ ಜೈಲು. ಇದನ್ನೇ ಹೇಳಿ, ದಿನ ಕಡಿಮೆ ಮಾಡಿ ಎಂದು ವಕೀಲರು ಬೇಡಿಕೊಂಡರು. ನ್ಯಾಯಾಧೀಶರು ಬಂಧನದ ಪತ್ರದ ಅನುವಾದ ನೋಡಿದರು. ‘ವಾರಂಟ್ ಓದಿ ಹೇಳಲಾಯಿತು, ಆರೋಪಿ ಯಾವ ತಕರಾರೂ ಹೇಳಲಿಲ್ಲ ಅಂತ ಇದೆಯಲ್ರಿ. ಅವರ ಊರಿನ ಸಾಕ್ಷಿಯೇ ಸಹಿ ಮಾಡಿದಾರೆ.’

ಆ ಎರಡು ಸಾಲು ಅವೇ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಏಳಲು ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ಮುಂದಿನ ಬೆಂಚು ಹಿಡಿದು ಎದ್ದೆ.

‘ಸ್ವಾಮಿ, ಆ ಸಾಕ್ಷಿ ನಾನೇ. ಅವನು ತಕರಾರು ಹೇಳಿದ. ನಾನು ಕಿವಿಯಾರೆ ಕೇಳಿದೆ.’

‘ಸಹಿ ನಿಮ್ಮದೇ ತಾನೆ? ಓದಿ ಹಾಕಿದಿರೋ?’

‘ಅರ್ಧ ಓದಿದೆ.’

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ನನ್ನ ಮಾತನ್ನು ಬರೆದುಕೊಂಡರು. ಮೂರು ದಿನ ಎಂಬುದನ್ನು ಹೊಡೆದು ಹಾಕಿ, ನಾಳೆ ಮಧ್ಯಾಹ್ನದೊಳಗೆ ಆರೋಪಿಯನ್ನು ನೇರ ಆ ನ್ಯಾಯಾಲಯದ ಮುಂದೆಯೇ ನಿಲ್ಲಿಸಬೇಕೆಂದು ಆಜ್ಞೆ ಮಾಡಿದರು. ಕಳಿಸುವುದನ್ನು ತಪ್ಪಿಸಲು ಅವರಿಂದಲೂ ಆಗಲಿಲ್ಲ. ತಿಪ್ಪೇಸ್ವಾಮಿ ಜೀಪು ಹತ್ತಿದ.

ಮರುದಿನ ಅಲ್ಲಿಯ ಕೋರ್ಟು ಕಡತ ತೆಗೆಸಿ ನೋಡಿ ಅವನನ್ನು ಬಿಟ್ಟಿತು. ಸುದ್ದಿ ಹೇಳಲು ಬಂದ ರತ್ನಮ್ಮ ಹೊಸ್ತಿಲಾಚೆಯೇ ನಿಂತಳು. ‘ಓದಾಕ್ ಬರ್ದಿದ್ರೆ ಬರಲ್ಲ ಅನ್ಬೇಕಿತ್ತು ಮೇಷ್ಟ್ರೆ. ನಾವ್ ದಿನಾ ಅಂತೀವಲ್ಲ.’ ಬೈಗುಳವಾಗಿದ್ದರೆ ಮರೆಯುತ್ತಿದ್ದೆ.

ಮೊಕದ್ದಮೆ ಕಳೆದ ತಿಂಗಳು ಖುಲಾಸೆಯಾಯಿತು. ಇವತ್ತು ಮಧ್ಯಾಹ್ನ ತಿಪ್ಪೇಸ್ವಾಮಿ ಒಂದು ಕಾಗದ ಹಿಡಿದು ಬಂದ. ಆಚೆಯ ಠಾಣೆಯವರು ಕೊಟ್ಟದ್ದು, ತೆಲುಗು ಕೈಬರಹ. ‘ವಾರಂಟ್ ಲಿಸ್ಟಿಂದ ನನ್ ಹೆಸ್ರು ತೆಗ್ದೀವಿ ಅಂದ್ರು. ಬರ್ದಿರೋದು ಅದೇನಾ ನೋಡ್ರಿ. ಇಲ್ದಿದ್ರೆ ಮತ್ತೆ ಬರ್ತಾರೆ.’

ನೋಡಿದೆ. ಹೆಸರು, ಊರು, ತಾರೀಕು. ಮಡಚಿ ಅವನ ಕೈಗೇ ಕೊಟ್ಟೆ.

‘ನನಗೆ ಓದಕ್ಕೆ ಬರಲ್ಲ ಕಣಪ್ಪ.’

ಇಬ್ಬರೂ ಬಿಸಿಲಿನಲ್ಲಿ ಹಿಟ್ಟಿನ ಗಿರಣಿಗೆ ನಡೆದೆವು; ಗಿರಣಿಯವರ ಸೊಸೆ ಆಚೆಯ ಊರಿನವಳು, ಅಲ್ಲಿಯ ಶಾಲೆಯಲ್ಲಿ ಓದಿದವಳು. ಅವಳು ಕೈಯ ಹಿಟ್ಟು ಒರೆಸಿಕೊಂಡು, ಯಂತ್ರ ನಿಲ್ಲಿಸಿ, ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದಳು. ನಡುವೆ ಒಂದು ಕಡೆ ಬೆರಳು ನಿಂತಿತು.

‘ಏನಮ್ಮ?’ ಎಂದೆ.

‘ತೊಲಗಿಂಚಡಮೈನದಿ. ಹೆಸ್ರು ತೆಗೆದುಹಾಕವ್ರೆ ಅಂತ, ಮೇಷ್ಟ್ರೆ.’

ತಿಪ್ಪೇಸ್ವಾಮಿ ಗಿರಣಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ‘ಇನ್ನೊಂದ್ ಸಲ ಓದವ್ವ,’ ಎಂದ. ಅವಳು ಮೊದಲ ಸಾಲಿನಿಂದ ಶುರುಮಾಡಿದಳು.