ಪರದೆಯಕ್ಕ ಹೇಳಿಕೊಟ್ಟ ಉಸಿರಿನ ಪಾಠ

ಆ ಬೀದಿಯವರೆಲ್ಲ ಅವಳನ್ನು ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿ ಬಾಗಿಲುಗಳ ಪರದೆ ಹೊಲಿಯುವುದು ಅವಳ ಕಸುಬು. ಹೊಲಿದು ಮುಗಿಸಿದ್ದನ್ನು ಗಿರಾಕಿಗೆ ಕೊಡುವ ಮೊದಲು ತನ್ನ ಮನೆಯ ಕಿಟಕಿಗೇ ತೂಗುಹಾಕಿ, ನೆರಿಗೆ ಸರಿಯಾಗಿ ಬೀಳುತ್ತದೆಯೇ ಎಂದು ನೋಡುವುದು ರೂಢಿ. ಹಾಗಾಗಿ ಆ ಮನೆಯೊಳಗಿನ ಬೆಳಕಿಗೆ ಸ್ವಂತ ಬಣ್ಣವೆಂಬುದೇ ಇರಲಿಲ್ಲ. ಒಂದು ದಿನ ಗೋಡೆ, ನೆಲ, ಹಾಸಿಗೆ, ಮಗಳ ಮುಖ ಎಲ್ಲ ಹಸಿರು. ಮಾರನೆಯ ದಿನ ಜೇನಿನ ಬಣ್ಣ. ನೀಲಿ ಪರದೆ ಬಂದ ದಿನ ತಾಯಿ ಮಗಳಿಬ್ಬರೂ ಮೀನುಗಳ ಹಾಗೆ ನಿಧಾನವಾಗಿ ಓಡಾಡುತ್ತಿದ್ದರು.

ಗಂಡ ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಲ್ಲುವವನು. ಬೆಳಗಾಗುವ ಮೊದಲೇ ಹೋಗಿ, ಮಧ್ಯಾಹ್ನ ಬೆಚ್ಚಗಿನ ವಾಸನೆ ಹೊತ್ತು ಬರುತ್ತಿದ್ದ. ಏಳು ವರ್ಷದ ಮಗಳನ್ನು ಅವನು ಕರೆಯುತ್ತಿದ್ದುದು ಬನ್ನು ಎಂದು. ಕೆನ್ನೆಗಳು ಹಾಗೇ ಇದ್ದವು.

ಬನ್ನು ಮನೆಯೊಳಗೆ ಅರಳು ಹುರಿದಂತೆ ಮಾತಾಡುವಳು. ಹೊಸ್ತಿಲು ದಾಟಿದಳೋ, ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ. ಶಾಲೆಗೆ ಸೇರಿದ ಮೊದಲ ದಿನದಿಂದಲೇ ಹಾಗಾಗಿತ್ತು. ಟೀಚರ್ ಮುದ್ದು ಮಾಡಿದರು, ಗದರಿದರು, ಕೊನೆಗೆ ಕೈಚೆಲ್ಲಿದರು. ವರ್ಷ ಕಳೆಯುವಷ್ಟರಲ್ಲಿ ಹುಡುಗಿ ಬೆಳಗಾಯಿತೆಂದರೆ ಅಳತೊಡಗಿದಳು.

"ಸಾಕು ಕಣ್ರೀ, ನಾನೇ ಮನೇಲಿ ಹೇಳ್ಕೊಡ್ತೀನಿ," ಎಂದಳು ಪರದೆಯಕ್ಕ.

"ಮತ್ತೆ ಹೊಲಿಗೆ?" ಎಂದ ಗಂಡ.

"ಹೊಲ್ಕೊಂಡೇ ಹೇಳ್ಕೊಡ್ತೀನಿ."

ಹೀಗೆ ಹೊಲಿಗೆ ಯಂತ್ರದ ಪಕ್ಕ ಶಾಲೆ ಶುರುವಾಯಿತು. ಬಟ್ಟೆ ಮಡಿಚಿದರೆ ಅರ್ಧ, ಇನ್ನೊಮ್ಮೆ ಮಡಿಚಿದರೆ ಕಾಲು. ನೆರಿಗೆಗೆಂದು ಕಿಟಕಿಯ ಅಗಲದ ಎರಡರಷ್ಟು ಬಟ್ಟೆ ಬೇಕೆಂದರೆ ಅಲ್ಲೇ ಗುಣಾಕಾರ. ಪಕ್ಕದ ಮನೆಯಾಕೆ, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಿಮ್ಮನೇಲಿ ಬಂಗಾರಕ್ಕೇನೂ ಬರ ಇಲ್ಲ ಬಿಡಿ," ಎಂದು ನಗುತ್ತಿದ್ದಳು. ಪರದೆಯಕ್ಕನೂ ನಗುತ್ತಿದ್ದಳು. ಆದರೆ ಆಮೇಲೆ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ.

ಚಳಿ ಶುರುವಾದಾಗ ಬನ್ನುವಿಗೆ ಕೆಮ್ಮು ಹಿಡಿಯಿತು. ಜೇನು, ಬಿಸಿನೀರು ಯಾವುದಕ್ಕೂ ಜಗ್ಗಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದದ್ದೇ ತಡ, ಹುಡುಗಿ ಮಂಚದ ಕೆಳಗೆ ಸೇರಿಕೊಂಡಳು. ಎಳೆದು ಹೊರಗೆ ತರಬಹುದಿತ್ತು. ಪರದೆಯಕ್ಕ ತಾನೂ ಒಳಗೆ ತೂರಿ ಅವಳ ಪಕ್ಕ ಅಂಗಾತ ಮಲಗಿದಳು.

"ನಿನ್ನ ಎದೆಯೊಳಗೆ ಯಾರಿದಾರೆ, ಗೊತ್ತಾ?"

"ಕೆಮ್ಮು."

"ಅದು ಬಾಡಿಗೆಗೆ ಬಂದಿರೋದು. ಮನೆಯವರು ಯಾರ್ಯಾರು?"

ಬನ್ನುವಿಗೆ ಗೊತ್ತಿರಲಿಲ್ಲ. ಅವತ್ತಿನಿಂದ ಪಾಠ ಅದೇ ಆಯಿತು.

ಉಳಿದ ತುಂಡು ಬಟ್ಟೆಗಳಿಂದ ಇಬ್ಬರೂ ಸೇರಿ ಒಂದು ಎದೆಯನ್ನೇ ಹೊಲಿದರು. ಗುಲಾಬಿ ಬಣ್ಣದ ಎರಡು ಶ್ವಾಸಕೋಶ, ಕೆಂಪು ರೇಷ್ಮೆಯ ಹೃದಯ, ಪರದೆ ಕಟ್ಟುವ ಹಗ್ಗದ ಉಸಿರುನಾಳ. ಎಲ್ಲಕ್ಕೂ ಗುಂಡಿ, ಬಿಚ್ಚಬಹುದು, ಮತ್ತೆ ಹಾಕಬಹುದು. ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಯಿಂದ ಒಂದು ತುಂಡು ಕತ್ತರಿಸಿ ಬನ್ನು ಕಿವಿಗಿಟ್ಟುಕೊಂಡಳು. ಗೋಡೆಗೆ ಹಿಡಿದರೆ ಪಕ್ಕದ ಮನೆಯ ಹೆಜ್ಜೆ ಸಪ್ಪಳ, ನೀರಿನ ಕೊಡಕ್ಕೆ ಹಿಡಿದರೆ ಸಮುದ್ರ, ಅಮ್ಮನ ಎದೆಗೆ ಹಿಡಿದರೆ ದೂರದಲ್ಲಿ ಯಾರೋ ಬಾಗಿಲು ತಟ್ಟುವ ಸದ್ದು. ಇದ್ದಬದ್ದ ವಸ್ತುಗಳೆಲ್ಲ ಒಳಗೊಳಗೇ ಏನೋ ಹೇಳಿಕೊಳ್ಳುತ್ತಿದ್ದವು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಬಂದ ಅಪ್ಪನೇ ರೋಗಿ. "ಜೋರಾಗಿ ಉಸಿರು ತಗೊಳ್ಳಿ," ಎನ್ನುವಳು ಬನ್ನು, ದಪ್ಪ ದನಿ ಮಾಡಿ. ಎರಡನೇ ಉಸಿರಿಗೇ ಅವನಿಗೆ ನಿದ್ದೆ.

"ಅಮ್ಮಾ, ಈ ರೋಗಿ ಗೊರಕೆ ಹೊಡೀತಿದಾರೆ!"

"ಹೊಡೀಲಿ ಬಿಡು. ಎದೆ ನೋಡು, ಹಿಟ್ಟು ಉಬ್ಬೋ ಹಾಗೆ ಉಬ್ಬುತ್ತೆ. ಯಾಕೆ?"

"ಗಾಳಿ ಒಳಗೆ ಹೋಯ್ತು."

"ಆಮೇಲೆ ಇಳಿಯೋದು?"

"ಗಾಳಿಗೆ ಒಳಗೆ ಕೂತು ಬೇಜಾರಾಯ್ತು."

ಪರದೆಯಕ್ಕ ಅದನ್ನು ತಿದ್ದಲಿಲ್ಲ.

ದವಾಖಾನೆಗೆ ಹೊರಟ ಬೆಳಿಗ್ಗೆ ಮಂಜು ಕವಿದಿತ್ತು. ಎದುರಿಗೆ ಬರುವವರು ಮೊದಲು ಬೂದು ನೆರಳಾಗಿ, ಆಮೇಲೆ ಮನುಷ್ಯರಾಗಿ, ಮತ್ತೆ ನೆರಳಾಗಿ ಹಾದುಹೋಗುತ್ತಿದ್ದರು. ಬಟ್ಟೆಯ ಎದೆಯನ್ನು ತಬ್ಬಿಕೊಂಡು ನಡೆಯುತ್ತಿದ್ದ ಬನ್ನುವಿನ ಬಾಯಿಂದ ಬಿಳಿ ಹೊಗೆ ಹೊರಡುತ್ತಿತ್ತು.

"ನೋಡೇ, ನಿನ್ನ ಪಾಠ ಹೊರಗೆ ಬಂತು," ಎಂದಳು ತಾಯಿ. ಮಗಳು ಕಣ್ಣಲ್ಲೇ ನಕ್ಕಳು. ಆಗಲೇ ಹೊಸ್ತಿಲು ದಾಟಿಯಾಗಿತ್ತಲ್ಲ.

ಡಾಕ್ಟರಮ್ಮ ವಯಸ್ಸಾದವರು. ಮೂಗಿನ ತುದಿಯಲ್ಲಿ ಕನ್ನಡಕ.

"ಏನು ಪುಟ್ಟಾ, ಹೆಸರೇನು?"

ಬನ್ನು ಗೋಡೆಯಾದಳು. ಅಂಗಿ ಸರಿಸಲು ಬಿಡಲಿಲ್ಲ. ಎರಡೂ ಕೈ ಎದೆಗೆ ಅಡ್ಡ ಕಟ್ಟಿ ನಿಂತಳು.

"ಹೊರಗೆ ಮಾತಾಡಲ್ಲ ಡಾಕ್ಟ್ರೇ," ಎಂದಳು ಪರದೆಯಕ್ಕ. ಆಮೇಲೆ ಸಂಕೋಚ ಬಿಟ್ಟು ಹೇಳಿದಳು: "ನೀವು ನಗಬಾರ್ದು. ಇವಳು ರೋಗಿಯಾಗಿ ಬಂದಿಲ್ಲ. ಡಾಕ್ಟರ ಕೆಲಸ ಕಲಿಯೋಕೆ ಬಂದಿದಾಳೆ. ಎದೆ ಕೂಡ ತಂದಿದಾಳೆ."

ಡಾಕ್ಟರಮ್ಮ ನಗಲಿಲ್ಲ. ಬಟ್ಟೆಯ ಎದೆಯನ್ನು ಮೇಜಿನ ಮೇಲೆ ಬಿಡಿಸಿ, ಗುಂಡಿ ಬಿಚ್ಚಿ, ಹೃದಯ ತೆಗೆದು ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದರ ಜಾಗದಲ್ಲೇ ಇಟ್ಟರು. ನಂತರ ಎದ್ದು, ಸ್ಟೆತಾಸ್ಕೋಪನ್ನು ಬನ್ನುವಿನ ಕೊರಳಿಗೆ ಹಾಕಿ, ತಾವು ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತರು.

"ಡಾಕ್ಟ್ರೇ, ನಂಗೂ ಯಾಕೋ ಎದೆ ಸರಿ ಇಲ್ಲ. ಸ್ವಲ್ಪ ನೋಡ್ತೀರಾ?"

ಬನ್ನು ಅಮ್ಮನ ಮುಖ ನೋಡಿದಳು. ಅಮ್ಮ ಕಿಟಕಿಯ ಕಡೆ ತಿರುಗಿದಳು. ಗಾಜಿನ ಆಚೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಆ ಕೋಣೆಯನ್ನು ಯಾರೋ ಹತ್ತಿಯಲ್ಲಿ ಸುತ್ತಿಟ್ಟಂತಿತ್ತು. ಹೊರಗೆ ಕಾಯುತ್ತಿದ್ದವರು ಯಾರೋ ಕೆಮ್ಮಿದರು.

"ಜೋರಾಗಿ ಉಸಿರು ತಗೊಳ್ಳಿ."

ಪರದೆಯಕ್ಕ ದಿನವೂ ಕೇಳುವ ದನಿಯೇ. ಆದರೆ ಆ ಬಿಳಿ ಗೋಡೆಗಳ ನಡುವೆ ಅದು ಬೇರೆ ಯಾರದೋ ಮಗುವಿನ ದನಿಯಂತಿತ್ತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಡಾಕ್ಟರಮ್ಮ ವಿಧೇಯರಾಗಿ ಉಸಿರೆಳೆದರು. "ಹೇಗಿದೆ?"

"ಚೆನ್ನಾಗಿದೆ. ಗಾಳಿ ಬಂದು ಹೋಗ್ತಿದೆ."

"ಈಗ ನಿಮ್ಮದು ಕೇಳ್ಕೊಳ್ಳಿ ಡಾಕ್ಟ್ರೇ."

ಬನ್ನು ತಾನೇ ಅಂಗಿ ಸರಿಸಿಕೊಂಡಳು. ಡಾಕ್ಟರಮ್ಮ ಅವಳ ಕೈಹಿಡಿದು ತೋರಿಸಿದ ಕಡೆಯಲ್ಲೆಲ್ಲ ಸ್ಟೆತಾಸ್ಕೋಪ್ ಇಟ್ಟು ಆಲಿಸಿದಳು. ಹುಬ್ಬು ಗಂಟಿಕ್ಕಿತು.

"ಇಲ್ಲಿ ಯಾರೋ ಸಣ್ಣಗೆ ಸಿಳ್ಳೆ ಹೊಡೀತಿದಾರೆ."

"ಅದೇ ನೋಡು ಕಾಯಿಲೆ. ಗಾಳಿ ಓಡಾಡೋ ದಾರಿ ಕಿರಿದಾಗಿದೆ. ಅಗಲ ಮಾಡೋಕೆ ಔಷಧಿ ಇದೆ, ಬಾಯಿಂದ ಒಳಗೆಳ್ಕೋಬೇಕು."

ಹೊರಡುವಾಗ ಡಾಕ್ಟರಮ್ಮ ತಾಯಿಗೆ ಮೆಲ್ಲಗೆ ಹೇಳಿದರು: "ಮಾತಾಡದೇ ಇರೋದು ಹಟ ಅಲ್ಲಮ್ಮ, ಭಯ. ಇಂಥ ಮಕ್ಕಳನ್ನ ನೋಡೋರು ಇದಾರೆ, ಅವರ ಹತ್ರ ಕಳಿಸಿಕೊಡ್ತೀನಿ. ನೀವು ಮಾತ್ರ ಈ ಪಾಠ ನಿಲ್ಲಿಸಬೇಡಿ."

ಬನ್ನು ಮಾರನೆಯ ದಿನವೇ ಮಾತಿನ ಮಲ್ಲಿಯಾಗಲಿಲ್ಲ. ತಾಯಿ ಮಗಳು ಡಾಕ್ಟರಮ್ಮ ಹೇಳಿದವರ ಹತ್ತಿರ ಹೋಗಿಬರುತ್ತಿದ್ದರು. ಪಾಠಗಳೂ ಒಂದೊಂದಾಗಿ ಮನೆಯ ಆಚೆ ನಡೆಯತೊಡಗಿದವು. ಬ್ರೆಡ್ ಕಾರ್ಖಾನೆಗೆ ಅವಳು ಒಲೆ ಪರೀಕ್ಷಿಸುವ ಅಧಿಕಾರಿಯಾಗಿ ಹೋದಳು. ಅಪ್ಪ ಸಲಾಮು ಹೊಡೆದ. ದಾರದಂಗಡಿಗೆ ಬಣ್ಣಗಳ ಪಂಡಿತೆಯಾಗಿ ಹೋಗಿ, "ಇದಲ್ಲ, ಇನ್ನೂ ಗಾಢ ನೀಲಿ," ಎಂದಳು. ಕೆಲವು ದಿನ ಯಾವ ವೇಷವೂ ಒಗ್ಗದೆ ಸುಮ್ಮನೆ ವಾಪಸು ಬಂದರು. ಚಳಿ ಕಳೆಯುವ ಹೊತ್ತಿಗೆ ಸಿಳ್ಳೆ ಬಹುಮಟ್ಟಿಗೆ ನಿಂತಿತ್ತು.

ಮರಗಳು ಚಿಗುರಿದ ಮೇಲೆ ಒಂದು ಸಂಜೆ ಪರಿಚಯವಿಲ್ಲದ ಮುದುಕರೊಬ್ಬರು ಮಲಗುವ ಕೋಣೆಗೆ ಪರದೆ ಬೇಕೆಂದು ಬಂದರು. ಪರದೆಯಕ್ಕ ಅಳತೆಪಟ್ಟಿ ಹುಡುಕುತ್ತಿದ್ದಾಗ ಬಾಗಿಲ ಹೊರಗೆ, ಜಗಲಿಯ ಮೇಲೆ ಕೂತಿದ್ದ ಬನ್ನು ಕೇಳಿದಳು: "ನಿಮ್ಮ ಕಿಟಕೀಲಿ ಬೆಳಿಗ್ಗೆ ಬಿಸಿಲು ಬರುತ್ತಾ, ಸಂಜೇನಾ?"

ಯಾವ ವೇಷವೂ ಇರಲಿಲ್ಲ, ಯಾವ ಪಾಠವೂ ಅಲ್ಲ. ಮುದುಕರು ಯೋಚಿಸಿ, "ಸಂಜೆ ಕಣಮ್ಮ," ಎಂದರು. ಹಾಗಾದರೆ ಯಾವ ಬಣ್ಣ ಚೆನ್ನ ಎಂದು ಇಬ್ಬರೂ ಮಾತಿಗೆ ಕೂತರು. ಪರದೆಯಕ್ಕ ಸಿಕ್ಕ ಅಳತೆಪಟ್ಟಿಯನ್ನು ಕೈಯಲ್ಲಿ ಹಿಡಿದು, ಅವರ ಮಾತು ಮುಗಿಯುವವರೆಗೆ ಒಳಗೇ ನಿಂತಿದ್ದಳು.