ಹತ್ತೊಂಬತ್ತನೇ ಪುಟದ ಕೋಣೆ

ಯಾರೂ ಓದದ ಪುಸ್ತಕ ಬರೆದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಡಬ್ಬಿಯ ತಳದಲ್ಲಿ ತುರುಕಿ ಕೊಡುವ ಪುಸ್ತಕ ಬರೆದೇ ಇಪ್ಪತ್ತೆರಡು ವರ್ಷ ನೌಕರಿ ಮಾಡಿದವನು ನಮ್ಮ ಕೈಪಿಡಿ ಒಬ್ಬನೇ ಇರಬೇಕು. ಕೈಪಿಡಿ ಅನ್ನೋದು ಅವನ ಹೆಸರಲ್ಲ, ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿ ಅಂಟಿಕೊಂಡ ಅಡ್ಡಹೆಸರು. ಆಗೆಲ್ಲ ಆಟ ಡಬ್ಬಿಯಲ್ಲಿ ಬರುತ್ತಿತ್ತು. ತೆರೆದರೆ ಒಳಗೊಂದು ಅಂಗೈಯಗಲದ ಪುಸ್ತಕ: ಯಾವ ಗುಂಡಿ ಒತ್ತಿದರೆ ಆಟದ ಹುಡುಗ ಹಾರುತ್ತಾನೆ, ಯಾವ ಬಾಗಿಲಿಗೆ ಯಾವ ಕೀಲಿ, ಯಾರನ್ನು ಮುಟ್ಟಿದರೆ ಸಾಯುತ್ತಾನೆ. ಅದನ್ನು ಬರೆಯುವುದು ಇವನ ಕೆಲಸ. ಅಂಥವು ಮೂವತ್ತೊಂದು ಬರೆದ. ಒಂದರ ಮೇಲೂ ಅವನ ಹೆಸರಿಲ್ಲ. ಸ್ಟೇಪಲ್ ಹೊಡೆದ ಯಂತ್ರದ ಹೆಸರೂ ಇರಲಿಲ್ಲವಲ್ಲ, ನಾವಿಬ್ಬರೂ ಸಮಾನದುಃಖಿಗಳು ಅನ್ನುತ್ತಿದ್ದ.

ತಮಾಷೆ ಏನೆಂದರೆ ಈ ಪುಣ್ಯಾತ್ಮನಿಗೆ ಆಟ ಆಡೋಕೇ ಬರುತ್ತಿರಲಿಲ್ಲ. "ಹಳ್ಳದ ಅಂಚಿಗೆ ಬಂದಾಗ ಧೈರ್ಯಗೆಡದೆ ಹಾರಿ" ಅಂತ ಸಾವಿರಾರು ಜನಕ್ಕೆ ಉಪದೇಶ ಮಾಡಿದವನು ತಾನು ಒಂದು ಸಲವೂ ಹಳ್ಳ ದಾಟಿದವನಲ್ಲ. ಪಕ್ಕದ ಮೇಜಿನಲ್ಲಿ ಗಡ್ಡದವನು ಕೂರುತ್ತಿದ್ದ, ಪ್ರೋಗ್ರಾಂ ಬರೆಯುವವನು. ಅವನು ಆಡಿ ತೋರಿಸುತ್ತಿದ್ದ, ಇವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ಬರೆದುಕೊಳ್ಳುತ್ತಿದ್ದ.

ಅದೂ ಎಲ್ಲವನ್ನೂ ತೋರಿಸುವ ಹಾಗಿರಲಿಲ್ಲ. ಅಚ್ಚಿನವರಿಗೆ ಸಮಯ ಬೇಕು, ಹಾಗಾಗಿ ಆಟ ಮುಗಿಯುವ ಮೂರು ತಿಂಗಳು ಮೊದಲೇ ಪುಸ್ತಕ ಮುಗಿಯಬೇಕು. ಇನ್ನೂ ಹುಟ್ಟದ ಕೂಸಿನ ಕಣ್ಣು ಮೂಗು ವರ್ಣಿಸುವ ಕೆಲಸ. ಒಂದು ದಿನ ಗಡ್ಡದವನು, "ಜಲಪಾತದ ಹಿಂದೆ ಒಂದು ಗಾಜಿನ ಕೋಣೆ ಇಡ್ತೀನಿ, ಬರ್ಕೋ" ಅಂದ. ಅಂದದ್ದು ಅಷ್ಟೇ. ಕೈಪಿಡಿಗೆ ಅವತ್ತು ಎಲ್ಲಿಂದ ಹುಮ್ಮಸ್ಸು ಬಂತೋ, ಹತ್ತೊಂಬತ್ತನೇ ಪುಟ ಪೂರ್ತಿ ತುಂಬಿಸಿಬಿಟ್ಟ. ಆ ಕೋಣೆಯಲ್ಲಿ ನೀರಿನ ಸದ್ದು ಪಿಸುಮಾತಿನ ಹಾಗೆ ಕೇಳುತ್ತದೆ, ಅಲ್ಲಿ ನಿಮ್ಮ ನೆರಳು ನಿಮಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ, ತಾಳ್ಮೆ ಇದ್ದವರಿಗೆ ಮಾತ್ರ ಬಾಗಿಲು ಕಾಣುತ್ತದೆ ಅಂತೆಲ್ಲ. ಗುಂಡಿ ಒತ್ತೋದು ಹೇಳಿಕೊಡಪ್ಪಾ ಅಂದರೆ ಈ ಕಾರುಬಾರು.

ನಲವತ್ತು ಸಾವಿರ ಪ್ರತಿ ಅಚ್ಚಾಗಿ ಬಂದ ವಾರ ಗಡ್ಡದವನು ಚಹಾ ಹೀರುತ್ತಾ, "ಆ ಕೋಣೆ ತೆಗೆದುಹಾಕಿದೆ ಕಣಯ್ಯಾ, ಮೆಮೊರಿಯಲ್ಲಿ ಜಾಗ ಸಾಲಲಿಲ್ಲ" ಅಂದ. ಕೈಪಿಡಿ ಹತ್ತೊಂಬತ್ತನೇ ಪುಟ ತೆಗೆದು ನೋಡಿದ. ಸಾಹೇಬರಿಗೆ ಹೇಳಿದರೆ ಕೆಲಸಕ್ಕೆ ಕುತ್ತು. ಇದನ್ನೆಲ್ಲ ಯಾರು ಓದ್ತಾರೆ ಅಂತ ಬಾಯಿಗೆ ಬೀಗ ಹಾಕಿಕೊಂಡ.

ಓದುವವಳು ಮನೆಯಲ್ಲೇ ಇದ್ದಳು. ಅವನ ತಂಗಿ, ಆಗ ಹತ್ತನೇ ತರಗತಿ. ಅಣ್ಣ ತಂದುಕೊಟ್ಟ ಆಟವನ್ನು ಟಿವಿಗೆ ಸಿಕ್ಕಿಸಿ, ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಜಲಪಾತಕ್ಕೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದಳು. ಎಡದಿಂದ ಹೋದಳು, ಬಲದಿಂದ ಹೋದಳು, ಮೇಲಿಂದ ಬಿದ್ದಳು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು, ಅಷ್ಟೂ ದಿನ ಅದೇ. ಆಮೇಲೆ ಗಣಿತದಲ್ಲಿ ಡುಮ್ಕಿ ಹೊಡೆದಳು. ಅಪ್ಪ ಮನೆ ಹಾರಿಹೋಗುವ ಹಾಗೆ ಕೂಗಾಡಿದರು, ಟಿವಿಯ ತಂತಿ ಕಿತ್ತರು. ಒಂದು ವರ್ಷ ಹಿಂದೆ ಬಿದ್ದ ತಂಗಿಯ ಮುಖ ನೋಡಲಾಗದೆ ಕೈಪಿಡಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡ. ಹೇಳಬೇಕಿತ್ತು, ಹೇಳಲಿಲ್ಲ. ನಾಳೆ ಹೇಳ್ತೀನಿ ಅಂದುಕೊಂಡ. ಆ ನಾಳೆಗೆ ಈಗ ಮೂವತ್ತಮೂರು ವರ್ಷ.

ತಂಗಿಯೇನೂ ಹಾಳಾಗಿ ಹೋಗಲಿಲ್ಲ. ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದಳು. ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆಯ ತೆಳು ಕಾಗದ ಇರುತ್ತದಲ್ಲ, ಅದನ್ನು ಮೊದಲಿಂದ ಕೊನೆಯವರೆಗೆ ಓದಿದ ಮನುಷ್ಯಜೀವಿ ಅವಳೊಬ್ಬಳೇ. ಈ ವರ್ಷ ಸಾಕೆನಿಸಿ ಕೆಲಸ ಬಿಟ್ಟಳು. ಬಿಟ್ಟ ಮೂರನೇ ದಿನವೇ ಅಣ್ಣನ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಬಾಗಿಲಿಂದ ಕೂಗಿದಳು.

"ಅಣ್ಣಾ, ನಮ್ಮ ಜಲಪಾತದ ಆಟ ಮತ್ತೆ ಬಂದಿದೆ! ಡಬ್ಬಿಗಿಬ್ಬಿ ಏನಿಲ್ಲ, ಹಾಗೇ ಕಂಪ್ಯೂಟರಿಗೆ ಇಳಿಸ್ಕೊಳ್ಳೋದು. ಆದ್ರೆ ನಿನ್ನ ಪುಸ್ತಕವೇ ಇಲ್ಲ. ತಗೊಂಡವರೆಲ್ಲ ತಲೆಬುಡ ಗೊತ್ತಾಗ್ತಿಲ್ಲ ಅಂತ ಬೈದು ಬರೆದಿದ್ದಾರೆ."

ಕೈಪಿಡಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳೋಣ. ನೋಡಿದ್ರಾ, ನಾನಿಲ್ಲದೆ ಒಂದು ಹಳ್ಳ ದಾಟೋಕಾಗಲಿಲ್ಲ ಅಂತ ಮೀಸೆ ತಿರುವಲು ಹೋದ. ಮೀಸೆ ಬೋಳಿಸಿ ಹತ್ತು ವರ್ಷವಾಗಿತ್ತು.

"ನಿನ್ನ ಹತ್ರ ಒಂದು ಪ್ರತಿ ಇರಬೇಕಲ್ಲ? ಕೊಡು. ಈ ಸಲ ಆ ಕೋಣೆ ಹುಡುಕದೆ ಬಿಡಲ್ಲ," ಅಂದಳು.

ಖುಷಿ ಜರ್ರನೆ ಇಳಿಯಿತು. "ಎಲ್ಲೋ ಕಳೆದುಹೋಯ್ತಮ್ಮ," ಅಂದ. ಅಡುಗೆಮನೆಯಿಂದ ಅವನ ಹೆಂಡತಿ ಇಣುಕಿ ನೋಡಿದಳು. ಪುಸ್ತಕ ಬೀರುವಿನಲ್ಲಿ ಸ್ವೆಟರುಗಳ ಕೆಳಗಿದೆ ಅಂತ ಅವಳಿಗೆ ಗೊತ್ತು. ಅವಳು ಸೌಟನ್ನು ಸ್ವಲ್ಪ ಜೋರಾಗಿ ಇಟ್ಟಳು.

ತಂಗಿ ಅಷ್ಟಕ್ಕೇ ಬಿಡುವವಳಲ್ಲ. ಆಟ ಮತ್ತೆ ಬಿಟ್ಟವರಿಗೇ ಪತ್ರ ಹಾಕಿದಳು. ವಾರದಲ್ಲಿ ಉತ್ತರ ಹಿಡಿದು ಬಂದಳು: ಅವರ ಹತ್ತಿರವೂ ಪುಸ್ತಕ ಇಲ್ಲವಂತೆ, ಯಾರಾದರೂ ಪ್ರತಿ ಕಳಿಸಿದರೆ ಆಟದ ಜೊತೆ ಸೇರಿಸುತ್ತಾರಂತೆ, ಬರೆದವರ ಹೆಸರನ್ನೂ ಮೊದಲ ಪುಟದಲ್ಲೇ ಹಾಕುತ್ತಾರಂತೆ.

ಹೆಸರು! ಕೈಪಿಡಿ ಆ ಪತ್ರವನ್ನು ನಾಲ್ಕು ಸಲ ಓದಿದ. ಅರವತ್ತೆರಡನೇ ವಯಸ್ಸಿನಲ್ಲಿ ಮನುಷ್ಯನಿಗೆ ಇಷ್ಟೊಂದು ಆಸೆ ಇರಬಾರದು, ಇದ್ದರೂ ಕಿವಿ ಕೆಂಪಾಗುವಷ್ಟು ಇರಬಾರದು. ಹೆಸರು ಬೇಕು, ಕೋಣೆಯ ಸುದ್ದಿ ಮಾತ್ರ ಬೇಡ. ಎರಡು ದಿನ ಯೋಚಿಸಿ ಅವನೊಂದು ಉಪಾಯ ಮಾಡಿದ. ಅವನಷ್ಟು ದಡ್ಡ ಮಾತ್ರ ಮಾಡಬಲ್ಲ ಉಪಾಯ. ಪುಸ್ತಕ ಸಿಕ್ಕಿಬಿಡ್ತು ಅಂತ ಹೇಳಿ, ಒಂದೊಂದೇ ಪುಟದ ಫೋಟೋ ಹೊಡೆದು ತಂಗಿಯ ಫೋನಿಗೆ ಕಳಿಸಿದ. ಮೂವತ್ತೆರಡು ಪುಟದ ಪುಸ್ತಕಕ್ಕೆ ಮೂವತ್ತೊಂದು ಫೋಟೋ.

ಮಾತ್ರೆಯ ಕಾಗದ ಓದಿ ಪಳಗಿದವಳ ಕಣ್ಣು ತಪ್ಪಿಸಿ ಪುಟ ನುಂಗುತ್ತೀನಿ ಅಂದುಕೊಂಡನಲ್ಲ, ಅವನ ಬುದ್ಧಿಗೆ ಏನು ಹೇಳೋಣ! ಮಧ್ಯಾಹ್ನ ಊಟದ ತಟ್ಟೆ ಎತ್ತುವ ಮೊದಲೇ ಬಾಗಿಲ ಗಂಟೆ ಹೊಡೆದುಕೊಂಡಿತು.

"ಹದಿನೆಂಟು ಆದ ಮೇಲೆ ಇಪ್ಪತ್ತು ಬಂದಿದೆ," ಅಂದಳು ತಂಗಿ. "ಹತ್ತೊಂಬತ್ತು ಎಲ್ಲಿ?"

"ಅದು ಸ್ವಲ್ಪ ಮಸುಕಾಗಿ..."

"ಅಣ್ಣ."

ಆ ಒಂದು ಮಾತು ಸಾಕಾಯಿತು. ಬೀರು ತೆಗೆದು ಪುಸ್ತಕ ತಂದು ಮೇಜಿನ ಮೇಲಿಟ್ಟ. ಕೂತ, ಎದ್ದ, ಮತ್ತೆ ಕೂತ. ಆಮೇಲೆ ಎಲ್ಲ ಹೇಳಿಬಿಟ್ಟ: ಅಚ್ಚಿನವರು, ಗಡ್ಡದವನು, ಸಾಲದೆ ಹೋದ ಜಾಗ, ಬಚ್ಚಲಿನ ನಲ್ಲಿ. "ಆ ಕೋಣೆ ಇಲ್ಲವೇ ಇಲ್ಲ. ಯಾವತ್ತೂ ಇರಲಿಲ್ಲ. ನಿನ್ನ ಒಂದು ವರ್ಷ ನಾನು ತಿಂದುಹಾಕಿದೆ. ನನ್ನಿಂದ ನೀನು ಫೇಲಾದೆ," ಅಂದ. ಮೂಗಿನಿಂದ ನೀರು ಬಂತು, ಕರವಸ್ತ್ರ ಸಿಗಲಿಲ್ಲ.

ತಂಗಿ ಅವನನ್ನೇ ದಿಟ್ಟಿಸಿದಳು. "ನಿನ್ನಿಂದಾನಾ? ನಾನು ಫೇಲಾಗಿದ್ದು ಗಣಿತ ಬರ್ತಿರಲಿಲ್ಲ ಅಂತ. ಆಟ ಇಲ್ಲದಿದ್ರೂ ಫೇಲೇ. ಮೂವತ್ತೆರಡು ಪುಟದ ಪುಸ್ತಕ ಬರೆದು ಒಬ್ಬಳ ಬಾಳು ಕೆಡಿಸಿದೆ ಅಂದ್ಕೊಂಡಿದ್ದೀಯಲ್ಲ, ನಿನ್ನನ್ನ ನೀನು ಏನು ಅಂತ ತಿಳ್ಕೊಂಡಿದ್ದೀಯ?"

ಅಡುಗೆಮನೆಯಲ್ಲಿ ಯಾರೋ ನಗು ತಡೆಯುತ್ತಿದ್ದರು. ಕೈಪಿಡಿಯ ಮುಖ ಇಷ್ಟೇ ಇಷ್ಟಾಯಿತು. ಮೂವತ್ತಮೂರು ವರ್ಷ ಜೋಪಾನ ಮಾಡಿಕೊಂಡು ಬಂದ ಪಾಪ, ಅದೂ ತನ್ನದಲ್ಲ ಅಂದರೆ ಮನುಷ್ಯ ಹೇಗೆ ತಡ್ಕೋಬೇಕು! ಬದುಕಿದೆ ಅಂತ ಉಸಿರು ಬಿಡಲು ಹೋದ.

ತಂಗಿ ನಗುತ್ತಿರಲಿಲ್ಲ. "ದಿನಾ ಸಂಜೆ ನೀನು ಆಫೀಸಿಂದ ಬಂದ ತಕ್ಷಣ ಕೇಳ್ತಿದ್ದೆ, 'ಅಣ್ಣ, ಎಲ್ಲಿದೆ ಆ ಬಾಗಿಲು' ಅಂತ. ನೀನು ಶೂ ಬಿಚ್ಚುತ್ತಾ, 'ಸರಿಯಾಗಿ ಓದು, ಅದರಲ್ಲೇ ಇದೆ' ಅಂತಿದ್ದೆ. ನೆನಪಿದೆಯಾ? ಗಣಿತ ಬರಲ್ಲ ಅಂತ ಗೊತ್ತಿತ್ತು. ಓದೋಕೂ ಬರಲ್ವೇನೋ ಅಂತ ಆಮೇಲೆ ಅನ್ನಿಸ್ತು. ಆವಾಗಿಂದಲೇ ನಾನು ಎಲ್ಲ ಕಾಗದವನ್ನೂ ಎರಡೆರಡು ಸಲ ಓದೋದು."

ಅದು ಅವನಿಗೆ ನೆನಪೇ ಇರಲಿಲ್ಲ. ಈಗ ನೆನಪಾಯಿತು. ಯಾಕೆ ಹಾಗಂದಿದ್ದ ಅನ್ನುವುದೂ ನೆನಪಾಯಿತು: ತಾನು ಬರೆದದ್ದನ್ನು ಒಬ್ಬರು ಬಿಡದೆ ಓದುತ್ತಿದ್ದಾರೆ ಅಂತ ಹಿಗ್ಗಾಗಿತ್ತು. ಅಷ್ಟಕ್ಕೇ. ಅವನಿಗೆ ನಿಜವಾಗಿ ನಾಚಿಕೆಯಾಯಿತು, ತಲೆ ಎತ್ತಲಾಗಲಿಲ್ಲ.

"ಆ ಪುಟದ ಕೆಳಗೆ ತಿದ್ದುಪಡಿ ಬರೀತೀನಿ," ಅಂದ ಕೊನೆಗೆ. ಹಾಳೆ ತಗೊಂಡು, "ತಾಂತ್ರಿಕ ಕಾರಣಗಳಿಂದ ಸದರಿ ಕೋಣೆ ಲಭ್ಯವಿರುವುದಿಲ್ಲ" ಅಂತ ಬರೆದ.

"ತಿಪ್ಪೆ ಸಾರಿಸಬೇಡ. ಹೊಡೆದುಹಾಕು."

"ಈ ಕೋಣೆ ಆಟದಲ್ಲಿ ಇಲ್ಲ. ಗೊತ್ತಿದ್ದೂ ಹೇಳಲಿಲ್ಲ. ಹುಡುಕಿದವರ ಕ್ಷಮೆ ಕೇಳುತ್ತೇನೆ" ಅಂತ ಬರೆದ.

ತಂಗಿ ಅದನ್ನು ಎರಡು ಸಲ ಓದಿದಳು. "ಪುಸ್ತಕ ಓದೋರಿಗೆ ಇದು ಸರಿಯಾಯ್ತು. ನನಗೆ ಬಾಯಲ್ಲಿ ಹೇಳು."

ಊರಿಗೆಲ್ಲ ಹೀಗೆ ಮಾಡಿ ಹಾಗೆ ಮಾಡಿ ಅಂತ ಬರೆದವನಿಗೆ ಎರಡು ಮಾತು ಹೊರಡಿಸುವುದು ಹಳ್ಳ ಹಾರಿದಷ್ಟು ಕಷ್ಟವಾಯಿತು. "ತಪ್ಪಾಯ್ತಮ್ಮಾ," ಅಂದ.

ಅವಳು ಪುಸ್ತಕ ಎತ್ತಿಕೊಂಡು ಹತ್ತೊಂಬತ್ತನೇ ಪುಟ ತೆಗೆದಳು. "ಈ ಪಿಸುಮಾತು, ಮುಂದೆ ನಡೆಯೋ ನೆರಳು, ಇದೆಲ್ಲ ಗಡ್ಡದವನು ಹೇಳಿದ್ದಾ?"

"ಇಲ್ಲ. ಅವನು ಬರೀ ಗಾಜಿನ ಕೋಣೆ ಅಂದಿದ್ದ. ಮಿಕ್ಕಿದ್ದೆಲ್ಲ ನಂದೇ."

"ಚೆನ್ನಾಗಿದೆ. ಮೂವತ್ತೊಂದು ಪುಸ್ತಕ ಸೇರಿಸಿದ್ರೂ ಇದೊಂದೇ ಪುಟ ಚೆನ್ನಾಗಿರೋದು. ಉಳಿದದ್ದೆಲ್ಲ ಓದೋಕಾಗಲ್ಲ ಅಣ್ಣ, ಬರೀ ಗುಂಡಿ."

ಕೈಪಿಡಿ ತಲೆ ಎತ್ತಿದ. "ಮೂವತ್ತೊಂದೂ ಓದಿದ್ದೀಯಾ?"

"ಓದಿದೆ. ನೀನು ಬರೆದದ್ದಲ್ವಾ," ಅಂದಳು ತಂಗಿ. "ಈಗ ಅಳ್ತಾ ಕೂರಬೇಡ, ಈ ಪುಟದ ಫೋಟೋ ಹೊಡಿ."