ಕಾಲುಚೀಲದ ಪೊಲೀಸ

ಎದುರಿಗೆ ಸಿಕ್ಕರೆ ‘ಮಿಸ್ಟರ್ ಗ್ಯಾಡ್ಸನ್’, ಬೆನ್ನು ತಿರುಗಿಸಿದರೆ ‘ಕಾಲುಚೀಲದ ಪೊಲೀಸ’. ಅಲಬಾಮಾದ ಬರ್ಮಿಂಗ್‌ಹ್ಯಾಮ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರರು ತನಗೆ ಇಂಥದೊಂದು ಹೆಸರಿಟ್ಟಿದ್ದಾರೆಂದು ಥರ್ಮನ್ ಗ್ಯಾಡ್ಸನ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಟೈ ಬಿಗಿ ಮಾಡಿಕೊಂಡು, ಎಡಗಾಲು ಎಳೆದುಕೊಂಡು, ಏನೂ ಕೇಳಿಸದವನಂತೆ ಮೈದಾನದ ಅಂಚಿನಲ್ಲಿ ಓಡಾಡುತ್ತಿದ್ದ.

ಅವನ ಕೆಲಸ ಏನೆಂದು ಹೇಳಿದರೆ ಯಾರಿಗಾದರೂ ನಗು ಬರುತ್ತದೆ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ನುಗ್ಗಿ ಬೀಳುವ ಆ ದೈತ್ಯರ ನಡುವೆ ನಿಂತು, ಯಾರ ಕಾಲುಚೀಲ ಮಂಡಿಯಿಂದ ಕೆಳಗಿಳಿದಿದೆ, ಯಾರ ಅಂಗಿ ಹೊರಗೆ ಬಂದಿದೆ, ಕೈ ಒರೆಸಲು ಸೊಂಟಕ್ಕೆ ಸಿಕ್ಕಿಸಿದ ಯಾರ ಟವೆಲ್ಲು ಅಳತೆ ಮೀರಿದೆ ಎಂದು ನೋಡುವುದು. ಇದಕ್ಕೆಂದೇ ಪಂದ್ಯಾವಳಿ ನಡೆಸುವ ಲೀಗಿನವರು ಊರಿಗೊಬ್ಬ ಹಳೆಯ ಆಟಗಾರನನ್ನು ಇಟ್ಟಿದ್ದರು. ಪಂದ್ಯಕ್ಕೆ ಎರಡು ಗಂಟೆ ಮುಂಚೆ, ರಟ್ಟಿಗೆ ಸಿಕ್ಕಿಸಿದ ಹಾಳೆ ಹಿಡಿದು ಬರಬೇಕು. ತಪ್ಪು ಕಂಡರೆ ಒಳಗೆ ಕಳಿಸಿ ಸರಿ ಮಾಡಿಸಬೇಕು. ಮಾತು ಕೇಳದವನ ಹೆಸರು ಬರೆಯಬೇಕು. ಬರೆಸಿಕೊಂಡವನ ಮನೆಗೆ ವಾರದೊಳಗೆ ದಂಡದ ಕಾಗದ ಹೋಗುತ್ತಿತ್ತು.

“ಏನ್ ಮಿಸ್ಟರ್ ಗ್ಯಾಡ್ಸನ್, ನನ್ ಚಡ್ಡಿನೂ ಚೆಕ್ ಮಾಡ್ತೀರಾ?” ಎಂದು ಯಾವನೋ ಕೀಟಲೆ ಮಾಡುವನು.

“ಅದನ್ನ ಒಗೆದೂ ಒಗೆದೂ ನಿಮ್ಮಮ್ಮ ಸೋತಿದ್ದಾಳೆ, ನನಗ್ಯಾಕಪ್ಪಾ ಆ ಕರ್ಮ? ಚೀಲ ಎತ್ತು ಮೇಲಕ್ಕೆ,” ಎಂದು ಇವನು.

ಥರ್ಮನ್ ತಾನೂ ನಾಲ್ಕು ವರ್ಷ ಆಡಿದವನೇ. ಐದನೆಯ ವರ್ಷ ಎಡಮಂಡಿ ಮೂರು ಕಡೆ ಮುರಿಯಿತು. ಡಾಕ್ಟರುಗಳು ಸರಳು ಹಾಕಿ ಕೂಡಿಸಿದರು. ನಡೆಯುವ ಮಟ್ಟಿಗೆ ಆಯಿತು, ಮಡಿಸುವ ಮಟ್ಟಿಗೆ ಆಗಲಿಲ್ಲ. ಆಮೇಲೆ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ. ಚರ್ಚಿನಲ್ಲಿ ಬೆಂಚಿನ ಕೊನೆಗೇ ಕೂತು ಆ ಕಾಲನ್ನು ನಡುದಾರಿಗೆ ಚಾಚಿಕೊಳ್ಳುತ್ತಿದ್ದ. ತಡವಾಗಿ ಬಂದವರೆಲ್ಲ ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಅರವತ್ತು ದಾಟಿದ ಮೇಲೆ ಲೀಗಿನ ಈ ಕೆಲಸ ಸಿಕ್ಕಾಗ ಅವನಿಗಾದ ಹಿಗ್ಗು ಅಷ್ಟಿಷ್ಟಲ್ಲ. ಮುರಿದ ಕಾಲು ಅವನನ್ನು ಹೊರಗೆ ನೂಕಿದ್ದ ಜಾಗಕ್ಕೆ ಟೈ ಕಟ್ಟಿಕೊಂಡು ಮರಳಿ ಬಂದಿದ್ದ. ಹೆಂಡತಿ ಅರ್ಲೀನ್ ಮಾತ್ರ, “ಬಟ್ಟೆ ಒಗೆಯೋನಿಗೂ ನಿನಗೂ ಏನಯ್ಯಾ ವ್ಯತ್ಯಾಸ? ಅವನು ಒಗೀತಾನೆ, ನೀನು ಬೈತೀಯ,” ಎಂದು ನಗುತ್ತಿದ್ದಳು.

ಆದರೆ ಎನ್‌ಸ್ಲಿ ಬಡಾವಣೆಯ ಜನ ಅವನನ್ನು ನೆನೆಯುವುದು ಈ ಕೆಲಸಕ್ಕಲ್ಲ. ಬಸ್ಸು ಓಡಿಸುತ್ತಿದ್ದ ಕಾಲದುದ್ದಕ್ಕೂ ಶನಿವಾರ ಬೆಳಿಗ್ಗೆ ಅಲ್ಲಿನ ಪಾರ್ಕಿನಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಅವನು ಆಟ ಕಲಿಸಿದ್ದ. ಚೆಂಡು ಹಿಡಿಯುವುದು, ಓಡುವುದು ಎಲ್ಲ ಆಮೇಲೆ. ಅವನ ಮೊದಲ ಪಾಠ ಬೇರೆಯೇ.

“ಯಾರಾದ್ರೂ ಪೆಟ್ಟಾಗಿ ಬಿದ್ರೆ ಆಟ ಅಲ್ಲಿಗೇ ನಿಲ್ತು. ಎಲ್ಲಿದ್ದೀರೋ ಅಲ್ಲೇ ಒಂದು ಮಂಡಿ ನೆಲಕ್ಕೆ ಊರಿ. ಹೆಲ್ಮೆಟ್ ತೆಗೀರಿ, ಬಾಯಿ ಮುಚ್ಚಿ. ಬಿದ್ದೋನು ಏಳೋವರೆಗೂ ನಾವು ಏಳಲ್ಲ. ಗೊತ್ತಾಯ್ತಾ?”

“ಎದುರು ಟೀಮೋನಾದ್ರೆ, ಕೋಚ್?”

“ಯಾವ ಟೀಮಾದ್ರೂ ಆಗ್ಲಿ.”

ಕಲಿಸಿದವನಿಗೇ ಮಂಡಿ ಮಡಿಸಲು ಬಾರದು. ಮಕ್ಕಳೆಲ್ಲ ಊರಿದಾಗ ಅವನು ಟೋಪಿ ತೆಗೆದು ಕಂಬದ ಹಾಗೆ ನಿಂತಿರುತ್ತಿದ್ದ.

ಜವೋರಿಸ್ ಪೆಟ್‌ವೇ ಆ ಪಾರ್ಕಿಗೆ ಬಂದಾಗ ಅವನಿಗೆ ಎಂಟು ವರ್ಷ. ಅಣ್ಣ ಟ್ರೆಮೇನ್ ಅದಾಗಲೇ ಅಲ್ಲಿ ಆಡಿ ಹೋದವನು. ತಮ್ಮನ ಕೈ ಹಿಡಿದುಕೊಂಡು ಬಂದು ಬಿಟ್ಟು ಹೋಗುತ್ತಿದ್ದ. ಒಮ್ಮೆ ಎದುರು ತಂಡದ ಹುಡುಗನೊಬ್ಬನ ಭುಜ ಮುರಿದು ಆಂಬುಲೆನ್ಸ್ ಬಂತು. ಹುಡುಗನನ್ನು ಒಳಗೆ ಮಲಗಿಸಿ ಬಾಗಿಲು ಹಾಕಿದ ಮೇಲೆ ರೆಫರಿ ವಿಷಲ್ ಊದಿದ, ಮಕ್ಕಳೆಲ್ಲ ಎದ್ದರು. ಜವೋರಿಸ್ ಏಳಲಿಲ್ಲ.

“ಏಳೋ ಮಗಾ, ಆಟ ಶುರುವಾಯ್ತು.”

“ಅವನಿನ್ನೂ ಎದ್ದಿಲ್ಲ, ಕೋಚ್.”

ಗಾಡಿ ಗೇಟು ದಾಟಿ ಕಣ್ಮರೆಯಾಗುವವರೆಗೂ ಆ ಪುಟ್ಟ ಮಂಡಿ ಹುಲ್ಲಿನ ಮೇಲೇ ಇತ್ತು. ಥರ್ಮನ್ ಅವತ್ತು ಮನೆಗೆ ಬಂದು ಇದನ್ನು ಅರ್ಲೀನ್‌ಗೆ ಎರಡು ಸಲ ಹೇಳಿದ. ಸ್ವಂತ ಮಕ್ಕಳಿಲ್ಲದ ಮನೆ ಅದು. ಅಂದಿನಿಂದ ಪ್ರತಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಜವೋರಿಸ್‌ನ ತಾಯಿ ವೆರ್ನೀತಾ ಆ ಮನೆಗೊಂದು ಸಿಹಿಗೆಣಸಿನ ಹೂರಣದ ಪೈ ತಂದುಕೊಡುವ ರೂಢಿ ಬೆಳೆಯಿತು.

ಹುಡುಗ ಬೆಳೆದ, ಕಾಲೇಜಿನಲ್ಲಿ ಆಡಿದ, ಇಪ್ಪತ್ತಮೂರಕ್ಕೆ ಊರಿನ ದೊಡ್ಡ ತಂಡವನ್ನೇ ಸೇರಿದ. ಥರ್ಮನ್ ಅವನ ಕಾಲುಚೀಲವನ್ನೂ ಉಳಿದವರದ್ದಷ್ಟೇ ಬಿಗಿಯಾಗಿ ನೋಡುತ್ತಿದ್ದ, ಆದರೆ ನೋಡುವಾಗ ತುಟಿಯಂಚಿನಲ್ಲಿ ನಗು ಇರುತ್ತಿತ್ತು.

ಎರಡನೆಯ ವರ್ಷದ ಮಾರ್ಚ್ ತಿಂಗಳಲ್ಲಿ ಟ್ರೆಮೇನ್ ಸತ್ತ. ಕಾರಿನ ಹಿಂದಿನ ದೀಪ ಉರಿಯುತ್ತಿಲ್ಲವೆಂದು ಪೊಲೀಸರು ತಡೆದರು. ಕಾಗದಪತ್ರ ತೆಗೆಯಲು ಅವನು ಕೈ ಚಾಚಿದ. ಮೂರು ಗುಂಡು. ಎರಡು ಗಂಟೆ ಕಾಲ ಅವನು ರಸ್ತೆಯ ಮೇಲೆಯೇ ಬಿದ್ದಿದ್ದ. ಪೊಲೀಸರು ಅಡ್ಡ ಕಟ್ಟಿದ ಪಟ್ಟಿಯ ಆಚೆ ತಾಯಿ ನಿಂತಿದ್ದಳು, ಒಂದು ಹೆಜ್ಜೆ ಹತ್ತಿರ ಹೋಗಲು ಬಿಡಲಿಲ್ಲ. ಗುಂಡು ಹೊಡೆದ ಪೊಲೀಸನ ಮೇಲೆ ಕೇಸೂ ಆಗಲಿಲ್ಲ. ಬೇಸಿಗೆಗೆ ಅವನು ಮತ್ತೆ ಅದೇ ಬೀದಿಯಲ್ಲಿ ಗಾಡಿ ಓಡಿಸುತ್ತಿದ್ದ.

ಅದೇ ಬೇಸಿಗೆಯಲ್ಲಿ ಲೀಗಿನಿಂದ ಹೊಸ ನಿಯಮ ಬಂತು. ಪೊಲೀಸರ ಕೈಯಲ್ಲಿ ಕಪ್ಪು ಜನ ಹೀಗೆ ಸಾಯುವುದನ್ನು ಪ್ರತಿಭಟಿಸಿ ಬೇರೆ ಬೇರೆ ಊರುಗಳಲ್ಲಿ ಕೆಲವು ಆಟಗಾರರು ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದ್ದರು, ಟಿಕೆಟ್ ಕೊಂಡ ಜನ ಕೂಗಾಡಿದ್ದರು. ಇನ್ನು ಮುಂದೆ ಮೈದಾನದಲ್ಲಿ ಇರುವವರೆಲ್ಲ ಎದ್ದು ನಿಲ್ಲಲೇಬೇಕು; ಮನಸ್ಸಿಲ್ಲದವರು ಹಾಡು ಮುಗಿಯುವವರೆಗೆ ಡ್ರೆಸ್ಸಿಂಗ್ ರೂಮಿನಲ್ಲಿ ಇರಬಹುದು. ಮೀರಿದವನಿಗೆ ಏನು ಮಾಡಬೇಕೆನ್ನುವುದು ತಂಡದ ಮಾಲೀಕರ ಇಷ್ಟ. ಥರ್ಮನ್‌ನ ಹಾಳೆಯಲ್ಲಿ ಕಾಲುಚೀಲ, ಅಂಗಿ, ಟವೆಲ್ಲುಗಳ ಕೆಳಗೆ ಹೊಸದೊಂದು ಸಾಲು ಅಚ್ಚಾಗಿ ಬಂದಿತ್ತು: ‘ರಾಷ್ಟ್ರಗೀತೆ’.

ಜವೋರಿಸ್ ಏನು ಮಾಡುತ್ತಾನೆಂದು ಥರ್ಮನ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾಲೀಕ ಅಂಥವನನ್ನು ಒಂದು ವಾರವೂ ಇಟ್ಟುಕೊಳ್ಳುವುದಿಲ್ಲ ಎಂಬುದೂ ಗೊತ್ತಿತ್ತು. ಆಟ ಹೋದರೆ ಆ ಹುಡುಗನಿಗೆ ಉಳಿಯುವುದೇನು? ಅಣ್ಣ ಹೋದ, ಇದೂ ಹೋಗಬೇಕೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥದೊಂದು ಉಪಾಯ ಥರ್ಮನ್ ಹುಡುಕಿದ.

ಆ ವರ್ಷ ಊರಿನಲ್ಲಿ ನಡೆದ ಮೊದಲ ಪಂದ್ಯದ ದಿನ, ಹಾಡಿಗೆ ನಾಲ್ಕು ನಿಮಿಷವಿರುವಾಗ, ಜವೋರಿಸ್‌ನ ಎದುರಿಗೆ ಹೋಗಿ ನಿಂತ.

“ಪೆಟ್‌ವೇ, ಬಲಗಾಲಿನ ಚೀಲ ಇಳಿದಿದೆ. ಒಳಗೆ ಹೋಗಿ ಬೇರೆ ಹಾಕ್ಕೊಂಡು ಬಾ.”

ಹುಡುಗ ಕಣ್ಣು ಪಿಳಿಪಿಳಿ ಬಿಟ್ಟು, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಓಡಿದ. ಮರಳುವಷ್ಟರಲ್ಲಿ ಹಾಡು ಮುಗಿದು ಜನ ಕೂರುತ್ತಿದ್ದರು. ಎರಡನೆಯ ಪಂದ್ಯದಲ್ಲಿ ಅಂಗಿಯ ಅಂಚು ಸರಿಯಿಲ್ಲವೆಂದು ಕಳಿಸಿದ. ಅವತ್ತು ಜವೋರಿಸ್ ಓಡಲಿಲ್ಲ, ನಡೆದುಕೊಂಡು ಹೋದ. ಆಟ ಮುಗಿದ ಮೇಲೆ ಸುರಂಗದಂಥ ಹಾದಿಯಲ್ಲಿ ಥರ್ಮನ್‌ಗಾಗಿ ಕಾದಿದ್ದ.

“ನನ್ ಪಕ್ಕದಲ್ಲಿದ್ದೋನ ಚೀಲ ಪಾದಕ್ಕೆ ಬಿದ್ದಿತ್ತು, ಕೋಚ್. ಅವನಿಗೆ ಏನೂ ಹೇಳ್ಲಿಲ್ಲ ನೀವು.”

ಥರ್ಮನ್ ಅತ್ತಿತ್ತ ನೋಡಿದ. “ಒಳಗೇ ಇದ್ದುಬಿಡೋ ಮಗಾ. ರೂಲಲ್ಲೇ ಬರೆದಿದ್ದಾರೆ, ಒಳಗಿದ್ರೆ ತಪ್ಪಲ್ಲ ಅಂತ. ಎರಡು ನಿಮಿಷದ ಹಾಡು. ನಿಮ್ಮಮ್ಮನ ಮುಖ ನೋಡು.”

“ಅಮ್ಮನ ಮುಖ ನೋಡೇ ಹೇಳ್ತಿರೋದು. ಬಿದ್ದೋನನ್ನ ನೋಡಿ ಒಳಗೆ ಹೋಗಿ ಬಚ್ಚಿಟ್ಕೊಳ್ಳಿ ಅಂತ ನೀವು ಹೇಳ್ಕೊಟ್ಟಿದ್ರಾ?”

“ಅದು ಆಟದ ಮಾತು ಕಣೋ. ಇದು ಬೇರೆ.”

“ಆಗ ಬೇರೆ ಅಂತ ಹೇಳಿರ್ಲಿಲ್ಲ.” ಹುಡುಗನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಥರ್ಮನ್‌ನನ್ನು ಹೆಚ್ಚು ಚುಚ್ಚಿತು. “ಟ್ರೆಮೇನ್ ಇನ್ನೂ ಎದ್ದಿಲ್ಲ, ಕೋಚ್. ಏಳೋದೂ ಇಲ್ಲ. ನಾನು ಹೇಗೆ ಎದ್ದು ನಿಂತ್ಕೊಳ್ಳಿ?”

ಮೂರನೆಯ ಪಂದ್ಯ ಅಕ್ಟೋಬರಿನ ಒಂದು ಬಿಸಿಲ ಭಾನುವಾರ. ಹಾಡಿಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಜವೋರಿಸ್ ತಾನಾಗಿ ಬಂದು ಥರ್ಮನ್‌ನ ಎದುರಿಗೆ ನಿಂತ. ಕಾಲುಚೀಲ ಮಂಡಿಯ ತನಕ ಎಳೆದು ಸುತ್ತ ಟೇಪು ಹಾಕಿದ್ದ. ಅಂಗಿ ಒಳಗೆ ಸೇರಿಸಿ ಹೊಲಿಸಿಯೇ ಬಿಟ್ಟಿದ್ದ. ಸೊಂಟದಲ್ಲಿ ಟವೆಲ್ಲೇ ಇರಲಿಲ್ಲ. ಕೈಯೆರಡನ್ನೂ ಪಕ್ಕಕ್ಕೆ ಚಾಚಿ, “ನೋಡಿ ಕೋಚ್, ಏನು ತಪ್ಪಿದೆ?” ಎಂದ.

ಥರ್ಮನ್ ಕೆಳಗಿನಿಂದ ಮೇಲಕ್ಕೆ ನೋಡಿದ, ಮೇಲಿನಿಂದ ಕೆಳಕ್ಕೆ ನೋಡಿದ. ಬೂಟಿನ ಲೇಸು ನೋಡಿದ. ಒಂದು ದಾರ, ಒಂದು ಮಡಿಕೆ, ಏನಾದರೂ ಸಿಗಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಏಳು ವರ್ಷದ ಕೆಲಸದಲ್ಲಿ ಅಷ್ಟು ಒಪ್ಪವಾಗಿ ಬಟ್ಟೆ ತೊಟ್ಟ ಆಟಗಾರನನ್ನು ಅವನು ಕಂಡಿರಲಿಲ್ಲ.

“ಎಲ್ಲಾ ಸರಿಯಾಗಿದೆ,” ಎಂದ.

“ಥ್ಯಾಂಕ್ಯೂ, ಸರ್.”

ಹಾಡು ಶುರುವಾಯಿತು. ಎಪ್ಪತ್ತು ಸಾವಿರ ಜನ ಎದ್ದು ನಿಂತರು. ನಿಂತವರ ಸಾಲಿನಲ್ಲಿ ಒಬ್ಬನ ತಲೆ ಮಾತ್ರ ಕೆಳಗಿಳಿಯಿತು. ಒಂದು ಮಂಡಿ ನೆಲಕ್ಕೆ, ಹೆಲ್ಮೆಟ್ ಪಕ್ಕಕ್ಕೆ, ಬಾಯಿ ಮುಚ್ಚಿಕೊಂಡು, ಎನ್‌ಸ್ಲಿ ಪಾರ್ಕಿನಲ್ಲಿ ಕಲಿಸಿದ ಹಾಗೆಯೇ. ಮೇಲಿನ ಸಾಲುಗಳಿಂದ ಬೈಗುಳ ಬಂದವು, ಒಂದು ಬಾಟಲಿಯೂ ಬಂತು. ಥರ್ಮನ್ ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ಕೈಯ ಕೆಳಗೆ ರಟ್ಟಿತ್ತು.

ಹಾಡು ಮುಗಿದ ಮೇಲೆ ಪೆನ್ನು ತೆಗೆದು ಬರೆದ. ಪೆಟ್‌ವೇ. ಕಾಲುಚೀಲ, ಸರಿ. ಅಂಗಿ, ಸರಿ. ಟವೆಲ್ಲು, ಇಲ್ಲ. ರಾಷ್ಟ್ರಗೀತೆ, ನಿಲ್ಲಲಿಲ್ಲ. ತಲೆಯೆತ್ತಿದಾಗ ಜವೋರಿಸ್ ಅವನ ಪೆನ್ನನ್ನೇ ನೋಡುತ್ತಿದ್ದ.

“ನೀನು ಬರೀದೇ ಇದ್ದಿದ್ರೆ ಏನಾಗ್ತಿತ್ತು?” ಅಂದು ಊಟದ ಮೇಜಿನಲ್ಲಿ ಅರ್ಲೀನ್ ಕೇಳಿದಳು. ತಟ್ಟೆಯಲ್ಲಿ ಕರಿದ ಮೀನು ತಣ್ಣಗಾಗುತ್ತಿತ್ತು.

“ಏನೂ ಬದಲಾಗ್ತಿರ್ಲಿಲ್ಲ. ಟೀವಿಯೋರು ತೋರಿಸಿದ್ರು, ಮಾಲೀಕ ಮೇಲಿಂದ ನೋಡ್ದ. ನಾನು ಬರೆದ್ರೂ ಒಂದೇ, ಬಿಟ್ರೂ ಒಂದೇ.”

“ಒಂದೇ ಆಗಿದ್ರೆ ಬಿಡಬಹುದಿತ್ತಲ್ಲಾ, ಥರ್ಮನ್?”

ಥರ್ಮನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಕಂಡದ್ದನ್ನು ಬರೆದೇ ಅಭ್ಯಾಸ, ಸುಳ್ಳು ಹಾಳೆ ಒಪ್ಪಿಸಿದವನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕಾಲುಚೀಲ ಇಳಿದಿದೆ, ಅಂಗಿ ಸರಿಯಿಲ್ಲ ಎಂದು ಎರಡು ಪಂದ್ಯಗಳಲ್ಲಿ ಸುಳ್ಳು ಹೇಳಿದವನೂ ಅವನೇ ಅಲ್ಲವೇ? ಹುಡುಗನನ್ನು ಒಳಗೆ ಅಡಗಿಸಲು ಸುಳ್ಳು ಹೇಳಬಲ್ಲವನಿಗೆ, ಹೊರಗೆ ಅವನ ಪರವಾಗಿ ಒಂದು ಸಾಲು ಖಾಲಿ ಬಿಡಲು ಧೈರ್ಯ ಬರಲಿಲ್ಲ. ನಿಜ ಇಷ್ಟೇ: ಆ ಮೈದಾನವನ್ನು ಎರಡನೆಯ ಸಲ ಕಳೆದುಕೊಳ್ಳಲು ಅವನು ಹೆದರಿದ.

ಬುಧವಾರ ತಂಡದವರು ಜವೋರಿಸ್‌ನನ್ನು ಕೈಬಿಟ್ಟರು. ಕಾಲಿನ ವೇಗ ಕಡಿಮೆಯಾಗಿದೆ ಎಂದು ಪತ್ರಿಕೆಗೆ ಹೇಳಿದರು. ಬೇರೆ ಯಾವ ತಂಡವೂ ಕರೆಯಲಿಲ್ಲ. ಆ ವರ್ಷ ಥ್ಯಾಂಕ್ಸ್‌ಗಿವಿಂಗ್‌ಗೆ ವೆರ್ನೀತಾ ಬಂದು ಗ್ಯಾಡ್ಸನ್ ಮನೆಯ ಗಂಟೆ ಬಾರಿಸಲಿಲ್ಲ. ಅರ್ಲೀನ್ ತಾನೇ ಒಂದು ಗೆಣಸಿನ ಪೈ ಮಾಡಿದಳು; ಇಬ್ಬರೂ ಒಂದೊಂದು ತುಂಡು ತಿಂದು ಉಳಿದದ್ದನ್ನು ಮುಚ್ಚಿಟ್ಟರು. ಜನವರಿಯಲ್ಲಿ ಥರ್ಮನ್ ರಟ್ಟನ್ನೂ ಗುರುತಿನ ಚೀಟಿಯನ್ನೂ ಲೀಗಿನವರಿಗೆ ಮರಳಿಸಿದ. ಕೆಲಸ ಹೋಗುತ್ತದೆಂದು ಹೆದರಿ ಬರೆದವನು ಕೊನೆಗೆ ಆ ಕೆಲಸವನ್ನೂ ಉಳಿಸಿಕೊಳ್ಳಲಿಲ್ಲ. ಇಷ್ಟು ಬುದ್ಧಿ ಅಕ್ಟೋಬರಿನಲ್ಲೇ ಬಂದಿದ್ದರೆ ಎಂದು ಯಾರಿಗೂ ಅನ್ನಿಸದೆ ಇರದು.

ಮರುವರ್ಷ ಸೆಪ್ಟೆಂಬರಿನಲ್ಲಿ ಚರ್ಚಿನ ಹೊರಗೆ ಯಾರೋ ಹೇಳಿದರು, ಎನ್‌ಸ್ಲಿ ಪಾರ್ಕಿನಲ್ಲಿ ಈಗ ಶನಿವಾರ ಮಕ್ಕಳಿಗೆ ಕಲಿಸುವವನು ಜವೋರಿಸ್ ಎಂದು. ವಾರವೆಲ್ಲ ಗೋದಾಮಿನಲ್ಲಿ ಕೆಲಸವಂತೆ. ಥರ್ಮನ್ ಮೂರು ಶನಿವಾರ ಹೋಗಿ ಕಾರಿನಲ್ಲೇ ಕೂತು ನೋಡಿ ಬಂದ. ನಾಲ್ಕನೆಯ ಶನಿವಾರ ಇಳಿದು ಗೆರೆಯ ಹತ್ತಿರ ಹೋಗಿ ನಿಂತ. ಮೈದಾನದ ಆಚೆ ಬದಿಯಿಂದ ಜವೋರಿಸ್ ನೋಡಿದ, ಗುರುತಿಲ್ಲದವರಿಗೆ ಆಡಿಸುವ ಹಾಗೆ ತಲೆಯಾಡಿಸಿ ಮಕ್ಕಳ ಕಡೆ ತಿರುಗಿದ.

ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಕಣಕಾಲು ಹಿಡಿದುಕೊಂಡು ಬಿದ್ದ. ಯಾರೂ ಹೇಳಲಿಲ್ಲ, ವಿಷಲ್ ಊದಲಿಲ್ಲ. ಎರಡೂ ತಂಡದ ಮಕ್ಕಳು ಎಲ್ಲಿದ್ದರೋ ಅಲ್ಲೇ ಮಂಡಿಯೂರಿದರು. ಜವೋರಿಸ್ ಕೂಡ ಊರಿದ. ಇಡೀ ಮೈದಾನದಲ್ಲಿ ನಿಂತಿದ್ದವನು ಥರ್ಮನ್ ಒಬ್ಬನೇ.

ಮೂವತ್ತು ವರ್ಷ ಹಾಗೆಯೇ ನಿಂತಿದ್ದವನಿಗೆ ಅವತ್ತು ನಿಲ್ಲಲಾಗಲಿಲ್ಲ. ಟೋಪಿ ತೆಗೆದು ಬಲಗಾಲು ಮುಂದಿಟ್ಟು, ಸರಳು ಹಾಕಿದ ಎಡಮಂಡಿಯನ್ನು ನೆಲಕ್ಕೆ ತರಲು ನೋಡಿದ. ಮಂಡಿ ಮಡಿಯಲಿಲ್ಲ. ಥರ್ಮನ್ ಪಕ್ಕಕ್ಕೆ ವಾಲಿ ದೊಪ್ಪನೆ ಹುಲ್ಲಿನ ಮೇಲೆ ಬಿದ್ದ. ಟೋಪಿ ಉರುಳಿ ದೂರ ಹೋಯಿತು.

ಅಷ್ಟರಲ್ಲಿ ಪೆಟ್ಟಾದ ಹುಡುಗ ಕುಂಟುತ್ತಾ ಎದ್ದ. ಮಕ್ಕಳು ಚಪ್ಪಾಳೆ ತಟ್ಟಿದರು.

“ಕೋಚ್, ಅವ್ನು ಎದ್ದ. ನಾವೂ ಏಳೋಣ್ವಾ?”

“ಬೇಡ,” ಎಂದ ಜವೋರಿಸ್. “ಅಲ್ಲಿ ಇನ್ನೊಬ್ರು ಎದ್ದಿಲ್ಲ.”

ಮಕ್ಕಳು ತಿರುಗಿ ನೋಡಿದರು. “ಯಾರದು ಕೋಚ್? ಯಾವ ಟೀಮು?”

“ಯಾವ ಟೀಮಾದ್ರೂ ಆಗ್ಲಿ.”

ಅವನು ಎದ್ದು ಬರಲಿಲ್ಲ, ಕೈ ಕೊಡಲಿಲ್ಲ. ಮೈದಾನದ ಆಚೆ ಬದಿಯಲ್ಲಿ ಒಂದು ಮಂಡಿ ಊರಿಕೊಂಡೇ ಕಾದ. ಮಕ್ಕಳೂ ಸದ್ದಿಲ್ಲದೆ ಕಾದರು. ಥರ್ಮನ್ ಎರಡೂ ಅಂಗೈ ಹುಲ್ಲಿಗೊತ್ತಿ ಏಳಲು ನೋಡಿದ. ಮೊದಲನೆಯ ಸಲ ಆಗಲಿಲ್ಲ.